ಚಿಕ್ಕಮ್ಮ ನಂಬರು ಹಾಕಿದ ಸ್ಲೈಡುಗಳು

ನನ್ನ ನೆನಪಿನಲ್ಲಿ ಆ ಇಲಿಗಳೆಲ್ಲ ನೀಲಿ. ಕಿವಿ ನೀಲಿ, ಮೂಗಿನ ತುದಿ ನೀಲಿ, ಪಂಜರದ ಸರಳು ಹಿಡಿದ ಪುಟ್ಟ ಅಂಗೈಗಳೂ ನೀಲಿ. ಡೈರಿ ತೆಗೆದು ನೋಡಿದರೆ ಹಾಗಿಲ್ಲ. ನೀಲಿ ಬಣ್ಣದ ಕೆಲಸ ಬೇಸಿಗೆಗೆ ಮೊದಲೇ ಮುಗಿದಿತ್ತು. ನಾನು ಹೇಳಹೊರಟಿರುವ ಹದಿನೆಂಟು ಇಲಿಗಳು ಬಂದದ್ದು ಮಳೆಗಾಲ ಕಳೆದ ಮೇಲೆ, ಅವು ಕೊನೆಯವರೆಗೂ ಬೆಳ್ಳಗೇ ಇದ್ದವು. ಎರಡು ಬೇರೆ ಬೇರೆ ಕಾಲಗಳನ್ನು ನೆನಪು ಒಂದೇ ಪಂಜರದಲ್ಲಿ ಕೂಡಿಹಾಕಿದೆ. ಆದ್ದರಿಂದ ಇದನ್ನು ಓದುವವರು ನನ್ನನ್ನು ಪೂರ್ತಿ ನಂಬಬೇಕಾಗಿಲ್ಲ. ಡೈರಿಯಲ್ಲಿರುವುದನ್ನು ಡೈರಿಯಲ್ಲಿದೆ ಎಂದೇ ಹೇಳುತ್ತೇನೆ. ಉಳಿದದ್ದು ನನ್ನ ತಲೆಯಲ್ಲಿರುವುದು, ಅದಕ್ಕೆ ಸಾಕ್ಷಿ ಇಲ್ಲ.

ತೊಂಬತ್ತರ ದಶಕದ ಕೊನೆ. ನಾನು ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ನಮ್ಮ ಗೈಡ್ ಕೆಲಸ ಮಾಡುತ್ತಿದ್ದದ್ದು ರಕ್ತನಾಳದ ಒಳಪದರದ ಮೇಲೆ. ರಕ್ತ ಹರಿಯುವ ಕೊಳವೆಯ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಹಾಸು ಇರುತ್ತದೆ. ಅದು ಇಡಿಯಾಗಿರುವ ತನಕ ರಕ್ತ ಸುಮ್ಮನೆ ಹರಿದುಹೋಗುತ್ತದೆ. ಅದು ಎಲ್ಲಿ ಕಿತ್ತುಹೋಯಿತೋ ಅಲ್ಲಿ ರಕ್ತ ಹೆಪ್ಪುಗಟ್ಟಲು ಜಾಗ ಸಿಗುತ್ತದೆ. ಆ ಹಾಸು ಎಷ್ಟು ಹಾಳಾಗಿದೆ ಎಂದು ಅಳೆಯುವುದು ಹೇಗೆ ಎಂಬುದೇ ನಮ್ಮ ಲ್ಯಾಬಿನಲ್ಲಿ ದಿನವೂ ನಡೆಯುತ್ತಿದ್ದ ಮಾತು. ಒಂದು ದಾರಿ ನೀಲಿ ಬಣ್ಣದ್ದು. ಇಲಿಯ ಬಾಲದ ನಾಳಕ್ಕೆ ಬಣ್ಣ ಚುಚ್ಚಿದರೆ ಅದು ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ಒಳಪದರ ಸರಿಯಿರುವ ಕಡೆ ನಾಳದ ಗೋಡೆಗೆ ಬಣ್ಣ ಹಿಡಿಯುವುದಿಲ್ಲ. ಕಿತ್ತ ಕಡೆ ಸೋರಿ ಕಲೆಯಾಗುತ್ತದೆ. ಆಮೇಲೆ ಆ ಕಲೆಯನ್ನು ದ್ರಾವಣದಲ್ಲಿ ಬಿಡಿಸಿ, ಎಷ್ಟು ನೀಲಿ ಎಂದು ಯಂತ್ರದಲ್ಲಿ ಓದುವುದು. ಎಷ್ಟು ಸೋರಿತು ಎಂದು ಅದರಿಂದ ತಿಳಿಯುತ್ತದೆ. ಯಾವ ಕೋಶ ಎಲ್ಲಿ ಎದ್ದುಹೋಯಿತು ಎಂದು ತಿಳಿಯುವುದಿಲ್ಲ. ಅದಕ್ಕೆ ಬೆಳ್ಳಿ ಬೇಕು.

ಬೆಳ್ಳಿಯ ಮಾತಿಗೆ ಮೊದಲು ಚಿಕ್ಕಪ್ಪನ ಮಾತು ಹೇಳಬೇಕು.

ನಮ್ಮ ಮನೆ ಶಿವಮೊಗ್ಗದಲ್ಲಿ, ಸವಳಂಗ ರಸ್ತೆಯಲ್ಲಿ. ಅಲ್ಲಿಂದ ಲ್ಯಾಬಿಗೆ ಎರಡು ಬಸ್ಸು ಹಿಡಿಯಬೇಕಿತ್ತು. ಇಲಿಗಳಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಬೆಳಿಗ್ಗೆ ಎಂಟಕ್ಕೆ ಅವುಗಳ ಮುಂದೆ ಯಾರಾದರೂ ನಿಂತಿರಲೇಬೇಕು. ಹಾಗಾಗಿ ಆ ವರ್ಷ ನಾನು ಭದ್ರಾವತಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿ ಉಳಿದೆ. ಚಿಕ್ಕಪ್ಪ ಎಂದರೆ ಅಪ್ಪನ ತಮ್ಮ. ಕಬ್ಬಿಣದ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ಇಡೀ ಆಯುಷ್ಯ ಕಳೆದು, ವಿ.ಆರ್.ಎಸ್. ತೆಗೆದುಕೊಂಡು ಮನೆಯಲ್ಲಿದ್ದರು. ಮಕ್ಕಳಿಲ್ಲ. ಮನೆಯಲ್ಲಿ ಅವರು, ಚಿಕ್ಕಮ್ಮ, ಈಗ ನಾನು.

ನಾನು ಹೋಗುವುದಕ್ಕೆ ಕೆಲವು ತಿಂಗಳ ಮೊದಲು, ಬೆಳಗಿನ ಪೂಜೆಯಲ್ಲಿ ಕೂತಿದ್ದಾಗ ಅವರ ಎಡ ಅಂಗೈಯಲ್ಲಿ ಲಿಂಗ ನಿಲ್ಲಲಿಲ್ಲ. ಕೈ ತಾನಾಗಿಯೇ ಒಂದು ಕಡೆಗೆ ವಾಲಿತು. ಎದುರಿಗೆ ಕೂತಿದ್ದ ಚಿಕ್ಕಮ್ಮ ಸೆರಗು ಒಡ್ಡಿ ಹಿಡಿದಳು. ಬಾಯಿ ಸ್ವಲ್ಪ ಸೊಟ್ಟಗಾಗಿತ್ತಂತೆ, ಮಾತು ತೊದಲಿತಂತೆ. ಡಾಕ್ಟರು, ಬಿಪಿ ವಿಪರೀತವಾಗಿದೆ, ಇದು ಎಚ್ಚರಿಕೆ, ಇನ್ನೊಂದು ಸಲವಾದರೆ ಹೇಳಲಾಗದು ಎಂದು ದಿನಾ ನುಂಗುವ ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳಲ್ಲಿ ಕೈ ಸರಿಹೋಯಿತು. ಸರಿಹೋದ ದಿನವೇ ಚಿಕ್ಕಪ್ಪ ಮಾತ್ರೆ ಬಿಟ್ಟು ತಮ್ಮ ತಾಯಿಯ ಕಷಾಯಕ್ಕೆ ಮರಳಿದರು.

ಕಷಾಯ ನನ್ನ ಅಜ್ಜಿಯದು. ಒಂದು ಮರದ ಚಕ್ಕೆ, ಎರಡು ಬಗೆಯ ಬೇರು, ಜೀರಿಗೆ. ಆ ಮರ ಯಾವುದೆಂದು ಅಜ್ಜಿ ಹೇಳದೆಯೇ ತೀರಿಕೊಂಡಿದ್ದಳು. ಆಯನೂರು ಕಡೆಯಿಂದ ಬರುತ್ತಿದ್ದ ಒಬ್ಬ ಹೆಂಗಸು ಚಕ್ಕೆ ತಂದುಕೊಡುತ್ತಿದ್ದಳು, ಅವಳಿಗೆ ಮಾತ್ರ ಗೊತ್ತು. ಅದನ್ನು ದಿನಾ ಕಾಯಿಸಬೇಕಾದವಳು ಚಿಕ್ಕಮ್ಮ. ಕಾಯಿಸದಿದ್ದರೆ ಚಿಕ್ಕಪ್ಪ ತಾವೇ ಒಲೆ ಹಚ್ಚಿ ಪಾತ್ರೆ ಸೀಯಿಸುತ್ತಿದ್ದರು.

"ಮಾತ್ರೆ ತಗೊಂಡ್ರಾ?"

"ತಗೊಂಡೆ ಕಣೇ."

"ಎಲ್ಲಿ, ಪಟ್ಟಿಯಲ್ಲಿ ಹಂಗೇ ಇದೆ?"

"ನಿನ್ನೇದು ಇವತ್ತು ತಗೊಂಡಿದ್ದೀನಿ. ಇವತ್ತಿಂದು ನಾಳೆ. ಸೀನಿಯಾರಿಟಿ ಪ್ರಕಾರ ಹೋಗ್ಬೇಕು."

"ನಿಮ್ಮ ತಮಾಷೆಗೆ ಬೆಂಕಿ ಹಾಕ. ಡಾಕ್ಟರು ಏನಂದ್ರು ನೆನಪಿದೆಯಾ?"

"ನಮ್ಮಮ್ಮ ಎಂಬತ್ತು ದಾಟಿದ್ಲು ಮಾರಾಯ್ತಿ. ಯಾವ ಡಾಕ್ಟರ ಮುಖ ನೋಡಿದ್ಲು? ಅವಳಿಗೆ ಬಿಪಿ ಅಂದ್ರೆ ಏನು ಅಂತಾನೇ ಗೊತ್ತಿರ್ಲಿಲ್ಲ."

"ಅವರಿಗೆ ಹೇಗೆ ಗೊತ್ತಿರುತ್ತೆ? ಅವರು ಬಿಪಿ ಬರಿಸೋರು, ಬಂದಿದ್ದು ನಂಗೆ."

ಇಬ್ಬರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಕ್ಕು ಮುಗಿದ ಮೇಲೆ ಚಿಕ್ಕಮ್ಮ ಅವರ ಎಡಗೈಯನ್ನೇ ಒಂದು ಗಳಿಗೆ ನೋಡುವುದನ್ನು ನಾನು ಗಮನಿಸುತ್ತಿದ್ದೆನೇ, ಅಥವಾ ಈಗ ಬರೆಯುವಾಗ ಸೇರಿಸುತ್ತಿದ್ದೇನೆಯೇ? ತಿಳಿಯದು.

ಇನ್ನು ಬೆಳ್ಳಿ. ಇಲಿಗೆ ಮತ್ತು ಬರಿಸಿ, ಅದರ ಜೀವ ಹೋದ ಕೂಡಲೇ ನಾಳಗಳೊಳಗಿನ ರಕ್ತವನ್ನು ತೊಳೆದು, ಸಿಲ್ವರ್ ನೈಟ್ರೇಟಿನ ತಿಳಿ ದ್ರಾವಣವನ್ನು ಕೆಲವೇ ಕ್ಷಣ ಹಾಯಿಸಬೇಕು. ಹೆಚ್ಚಾದರೆ ಎಲ್ಲ ಕಪ್ಪು. ಹೃದಯದಿಂದ ಹೊರಡುವ ದೊಡ್ಡ ನಾಳವನ್ನು ಬಿಡಿಸಿ, ಉದ್ದಕ್ಕೆ ಸೀಳಿ, ಒಳಮೈ ಮೇಲೆ ಬರುವಂತೆ ಮೇಣದ ಮೇಲೆ ಗುಂಡುಸೂಜಿಗಳಿಂದ ಹರಡಿ ಬಿಸಿಲಿಗಿಡಬೇಕು. ಬೆಳ್ಳಿಗೆ ಬೆಳಕು ತಾಗಿದರೆ ಅದು ಕಂದುತ್ತದೆ. ಕೋಶಗಳ ನಡುವಿನ ಸಂದುಗಳಲ್ಲಿ ಮಾತ್ರ ಬೆಳ್ಳಿ ಕೂತಿರುತ್ತದೆಯಾದ್ದರಿಂದ, ಬಿಸಿಲಿನಲ್ಲಿ ಗೆರೆಗಳು ಒಂದೊಂದಾಗಿ ಏಳುತ್ತವೆ. ಅದನ್ನು ಗಾಜಿನ ಮೇಲೆ ಗ್ಲಿಸರಿನ್ನಿನಲ್ಲಿ ಕೂರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕಾಣುವುದನ್ನು ನಾನು ಎಷ್ಟು ಸಲ ಬರೆಯಲು ಪ್ರಯತ್ನಿಸಿದ್ದೇನೋ. ಹರಿವಿನ ದಿಕ್ಕಿಗೆ ಉದ್ದವಾಗಿ ಮಲಗಿದ ಸಾವಿರಾರು ಎಲೆಗಳು, ಒಂದರ ಬದಿಗೆ ಒಂದು, ನಡುವೆ ಕೂದಲಿಗಿಂತ ಸಣ್ಣ ಕಂದು ಗೆರೆ. ರಕ್ತ ಹೋಗಿಬಿಟ್ಟಿದ್ದರೂ ಅದು ಹರಿದ ದಿಕ್ಕು ಅಲ್ಲಿ ಉಳಿದಿರುತ್ತಿತ್ತು. ನೋಡುತ್ತ ನೋಡುತ್ತ ಅವು ಚಲಿಸಿದಂತೆ ಆಗುತ್ತಿತ್ತು. ಹೊರಗೆ ಬಂದಾಗ ರಸ್ತೆಯ ಮೇಲೂ, ಬಸ್ಸಿನ ಸೀಟಿನ ರೆಕ್ಸಿನ್ ಮೇಲೂ ಅದೇ ಗೆರೆಗಳು. ಒಳಪದರ ಹಾಳಾದ ನಾಳದಲ್ಲಿ ಗೆರೆಗಳು ತುಂಡಾಗಿರುತ್ತವೆ, ಕೋಶ ಎದ್ದುಹೋದ ಕಡೆ ಕಪ್ಪು ಮಚ್ಚೆ, ಇಲ್ಲವೇ ಏನೂ ಇಲ್ಲದ ಬಯಲು. ಮೈಕ್ರೋಸ್ಕೋಪಿನ ಕಣ್ಣುಗಾಜಿನಲ್ಲಿದ್ದ ಚೌಕಳಿಯೊಳಗೆ ಎಷ್ಟು ಕೋಶ ಇವೆ, ಎಷ್ಟು ಹೋಗಿವೆ ಎಂದು ಎಣಿಸುವುದೇ ಅಳತೆ.

ಒಂದು ರಜೆಯ ದಿನ ಚಿಕ್ಕಪ್ಪ ನನ್ನ ಜೊತೆ ಲ್ಯಾಬಿಗೆ ಬಂದರು. ಮನೆಯಲ್ಲಿ ಕೂತು ಬೇಜಾರಾಗಿತ್ತು, ಅಷ್ಟೇ. ಒಂದು ಹಳೆಯ ಸ್ಲೈಡ್ ಇಟ್ಟು ತೋರಿಸಿದೆ. ಕನ್ನಡಕ ಹಣೆಗೇರಿಸಿ ಬಗ್ಗಿದವರು ಏಳಲೇ ಇಲ್ಲ. ಎದ್ದಾಗ ಅವರ ಮುಖದಲ್ಲಿ ನಾನು ಹಿಂದೆ ಕಾಣದಿದ್ದ ಒಂದು ಕಳೆ ಇತ್ತು.

"ಏನೇ ಮಾರಾಯ್ತಿ, ಇದು ನಮ್ಮ ಸ್ಟೀಲು!"

"ಸ್ಟೀಲಾ?"

"ಹೂಂ ಮತ್ತೆ. ಸ್ಟೀಲಿನ ತುಂಡನ್ನ ಕನ್ನಡಿ ಥರ ಉಜ್ಜಿ, ಸ್ಪಿರಿಟ್ಟಲ್ಲಿ ನಾಲ್ಕು ಹನಿ ಆಸಿಡ್ ಹಾಕಿ ಅದ್ದಿದ್ರೆ ಹಿಂಗೇ ಗೆರೆ ಏಳುತ್ತೆ. ಕಣ ಕಣ ಬಿಡಿಬಿಡಿಯಾಗಿ ಕಾಣುತ್ತೆ. ಇಪ್ಪತ್ತೆಂಟು ವರ್ಷ ಇದನ್ನೇ ನೋಡಿದ್ದು ನಾನು. ಒಡೆಯೋದಿದ್ರೆ ಈ ಗೆರೆ ಮೇಲೇ ಒಡೆಯೋದು." ಮತ್ತೆ ಬಗ್ಗಿದರು. "ಒಳಗೆ ನಮಗೂ ಹಿಂಗೇ ಇದೆಯಾ?"

"ಇದೆ ಚಿಕ್ಕಪ್ಪ."

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತು ಹೊರಗೆ ನೋಡುತ್ತಿದ್ದರು. ಭದ್ರಾ ಕಾಲುವೆಯ ನೀರಿನ ಮೇಲೆ ಇಳಿಬಿಸಿಲಿತ್ತು. ಆಮೇಲೆ ನನ್ನ ಕಡೆ ತಿರುಗಿದರು. "ಒಂದು ಕೆಲಸ ಮಾಡು. ಅಮ್ಮನ ಕಷಾಯನ ನಿನ್ನ ಇಲಿಗೆ ಹಾಕಿ ನೋಡು. ಪಾಸಾದ್ರೆ ನಿಮ್ಮ ಚಿಕ್ಕಮ್ಮ ಇನ್ನು ಬಾಯಿ ತೆಗೀಬಾರದು. ಫೇಲಾದ್ರೆ ಮಾತ್ರೆ ನುಂಗ್ತೀನಿ, ಜೀವ ಇರೋ ತನಕ. ಟೆಸ್ಟ್ ಆಗಿದ್ದನ್ನ ನಾನು ಯಾವತ್ತೂ ಮೀರಿದೋನಲ್ಲ."

ಗೈಡ್ ಮೊದಲು ನಕ್ಕರು, ಆಮೇಲೆ ಒಪ್ಪಿದರು. ಮನೆಮದ್ದು ಸುರಕ್ಷಿತ ಎಂದು ಎಲ್ಲರೂ ಹೇಳುತ್ತಾರೆ, ಒಳಗೆ ನೋಡಿದವರು ಯಾರು ಎಂದರು. ನನ್ನ ಮೂಲ ವಿಷಯ ಹೊಗೆಸೊಪ್ಪಿನ ನಿಕೋಟಿನ್ ಒಳಪದರಕ್ಕೆ ಏನು ಮಾಡುತ್ತದೆ ಎಂಬುದು. ಅದಕ್ಕೆ ಇನ್ನೊಂದು ಗುಂಪು ಸೇರಿತು. ಆರು ಇಲಿಗಳಿಗೆ ಬರೀ ನೀರು, ಆರಕ್ಕೆ ನಿಕೋಟಿನ್, ಆರಕ್ಕೆ ಅಜ್ಜಿಯ ಕಷಾಯ. ಚಿಕ್ಕಮ್ಮನ ಬಾಯಲ್ಲಿ ಅವು ನೀರಿನವು, ಹೊಗೆಸೊಪ್ಪಿನವು, ನಮ್ಮವು.

ವಿಷಯ ತಿಳಿದ ದಿನ ಅವಳು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಇಲಿ ಪಾಸಾದ್ರೆ ಏನಾಗುತ್ತೆ ಗೊತ್ತಾ ನಿಂಗೆ?"

"ಏನು ಚಿಕ್ಕಮ್ಮ?"

"ಮಾತ್ರೆ ಬಿಡೋಕೆ ಸರ್ಟಿಫಿಕೇಟು ಸಿಕ್ಕಿದ ಹಂಗೆ. ಕಷಾಯದಿಂದ ಇಲಿಗೆ ಏನೂ ಆಗ್ಲಿಲ್ಲ ಅಂದ್ರೆ ಇವರ ಬಿಪಿ ಇಳಿಯುತ್ತೆ ಅಂತ ಅರ್ಥನಾ? ನೀನು ಓದಿದೋಳು, ಹೇಳು."

ಅವಳು ಹೇಳಿದ್ದು ಸರಿ. ಒಳಪದರ ಕಿತ್ತಿಲ್ಲ ಎಂಬುದು ಒಂದು ಪ್ರಶ್ನೆಗೆ ಉತ್ತರ. ಚಿಕ್ಕಪ್ಪನ ಪ್ರಶ್ನೆ ಬೇರೆಯದೇ ಇತ್ತು. ನಮ್ಮ ಮೌಖಿಕ ಪರೀಕ್ಷೆಯಲ್ಲಿ ಯಾರೂ ಅಷ್ಟು ನೇರವಾಗಿ ಕೇಳಲಿಲ್ಲ. ಆದರೆ ನಾನು ಆಗ ಬೆಳ್ಳಿಗೆರೆಗಳ ಮೋಹದಲ್ಲಿದ್ದೆ. "ರಿಸಲ್ಟು ನಮ್ಮ ಕೈಲಿರಲ್ಲ ಚಿಕ್ಕಮ್ಮ. ಏನು ಬರುತ್ತೋ ಅದೇ," ಎಂದೆ.

"ಕೈಲಿರಲ್ವಾ," ಎಂದು ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು.

ಮರುವಾರದಿಂದ ಸಣ್ಣ ಫ್ಲಾಸ್ಕಿನಲ್ಲಿ ಕಷಾಯ ಲ್ಯಾಬಿಗೆ ಬರತೊಡಗಿತು. ದಿನಾ ಅವಳೇ ಕಾಯಿಸಿ, ಸೋಸಿ, ಮುಚ್ಚಳ ಬಿಗಿದು ಕೊಡುತ್ತಿದ್ದಳು. ನಮ್ಮ ಅಟೆಂಡರ್, ಮನೆಯಲ್ಲಿ ದಖನಿ ಮಾತಾಡುವ ವಯಸ್ಸಾದ ಸಾಹೇಬರು, ಇಲಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿಯುತ್ತಿದ್ದರು. ನಾನು ಅದರ ಬಾಯಿಗೆ ಸಣ್ಣ ನಳಿಕೆಯಿಂದ ಬಿಡುತ್ತಿದ್ದೆ. "ಅರೆ ಅಮ್ಮಾ, ನಮಗೆ ಬೆಳಿಗ್ಗೆಯಿಂದ ಒಂದು ಚಾ ಗತಿ ಇಲ್ಲ, ಇವಕ್ಕೆ ಫ್ಲಾಸ್ಕಿನಲ್ಲಿ ಬರ್ತದೆ," ಎಂದು ದಿನಾ ಅಂದೇ ಅನ್ನುತ್ತಿದ್ದರು. ಕೊನೆಯ ವಾರ ಚಿಕ್ಕಮ್ಮ ಅವರಿಗೂ ಒಂದು ಫ್ಲಾಸ್ಕ್ ಚಹಾ ಕಳಿಸಿದಳು.

ಎಣಿಕೆಯ ಬಗ್ಗೆ ಗೈಡ್ ಒಂದು ಕಟ್ಟುಪಾಡು ಹಾಕಿದ್ದರು. ಯಾವ ಸ್ಲೈಡ್ ಯಾವ ಗುಂಪಿನದು ಎಂದು ಎಣಿಸುವವಳಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನು ಕಾಣುತ್ತದೆ. ಲ್ಯಾಬಿನಲ್ಲಿದ್ದ ನಾಲ್ಕು ಜನರೂ ಇಲಿಗಳನ್ನು ಮುಟ್ಟಿದವರೇ. ಯಾರಾದರೂ ಹೊರಗಿನವರಿಂದ ಹೊಸ ನಂಬರು ಹಾಕಿಸು ಎಂದರು. ಮನೆಯಲ್ಲಿ ಹೇಳಿದಾಗ ಚಿಕ್ಕಪ್ಪ ತೊಡೆ ತಟ್ಟಿದರು.

"ನಮ್ಮಲ್ಲೂ ಅದೇ ರೂಲು! ನಂಬರ್ ಹೊಡೆಯೋನು ಬೇರೆ, ನೋಡೋನು ಬೇರೆ. ಯಾವ ಕುಲುಮೆ ಮಾಲು ಅಂತ ಗೊತ್ತಾದ್ರೆ ಮುಗೀತು, ಸ್ನೇಹಿತನ ಶಿಫ್ಟು ಅಂತ ಕಣ್ಣು ಮಂಜಾಗುತ್ತೆ. ನಾನಂತೂ ಹಾಕೋ ಹಂಗಿಲ್ಲ, ನಾನು ಪಾರ್ಟಿ. ನಿಮ್ಮ ಚಿಕ್ಕಮ್ಮ ಹಾಕ್ಲಿ. ಅಕ್ಷರ ಅಚ್ಚು ಹೊಡೆದ ಹಂಗಿದೆ."

ಚಿಕ್ಕಮ್ಮನೂ ಒಬ್ಬ ಪಾರ್ಟಿ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಈಗ ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತದೆ. ಕಷಾಯ ಕಾಯಿಸುವವಳು ಅವಳು, ಮಾತ್ರೆಯ ಪಟ್ಟಿ ಎಣಿಸುವವಳು ಅವಳು, ಆ ದಿನ ಸೆರಗು ಒಡ್ಡಿದವಳು ಅವಳು. ನಮ್ಮ ಮನೆಗಳಲ್ಲಿ ಕೆಲಸಕ್ಕೆ ನಿಂತವರನ್ನು ಯಾರೂ ಕಕ್ಷಿ ಎಂದು ಎಣಿಸುವುದಿಲ್ಲ.

ಕೊನೆಯ ವಾರ ದಿನಕ್ಕೆ ಮೂರರಂತೆ, ಒಂದೊಂದು ಗುಂಪಿನಿಂದ ಒಂದೊಂದು, ಆರು ದಿನ ಇಲಿಗಳನ್ನು ತೆಗೆದೆವು. ನಾಲ್ಕನೆಯ ದಿನ ಒಂದು ಇಲಿ ನನ್ನ ಹೆಬ್ಬೆರಳು ಕಚ್ಚಿತು. ಹೊಗೆಸೊಪ್ಪಿನವು ಆ ಹೊತ್ತಿಗೆ ಸಿಡುಕಾಗಿದ್ದವು. ಕಚ್ಚಿದ್ದು ಅವುಗಳಲ್ಲೊಂದು ಎಂದೇ ನನ್ನ ನೆನಪು. ಬ್ಯಾಂಡೇಜು ಸುತ್ತಿದ ಬೆರಳಿನಲ್ಲಿ ಅದೇ ಇಲಿಯ ನಾಳ ಬಿಡಿಸುವಾಗ ಚಿಮುಟ ಜಾರಿ, ಅಂಚಿನಲ್ಲಿ ಉಗುರಿನಾಕಾರದ ಒಂದು ಹರಕಾಯಿತು. ಡೈರಿಯಲ್ಲಿ ಇರುವುದು ಇಷ್ಟು: "ಇಲಿ ಕಚ್ಚಿತು. ಟಿ.ಟಿ. ಹಾಕಿಸಿಕೊಂಡೆ. ಒಂದು ನಾಳ ಹರಿದೆ. ಅಳು ಬಂತು." ಯಾವ ಗುಂಪು ಎಂದು ಬರೆದಿಲ್ಲ. ಅಳುವುದನ್ನು ಬರೆಯಲು ಪುರುಸೊತ್ತಿದ್ದವಳಿಗೆ ಗುಂಪಿನ ಹೆಸರು ಬರೆಯಲು ಆಗಲಿಲ್ಲವಲ್ಲ ಎಂದು ಎಷ್ಟು ಸಲ ಅಂದುಕೊಂಡಿದ್ದೇನೆ.

ನಂಬರು ಹಾಕಿದ್ದು ಒಂದು ಮಧ್ಯಾಹ್ನ, ಊಟವಾದ ಮೇಲೆ. ಪೆಟ್ಟಿಗೆಯಲ್ಲಿ ಹದಿನೆಂಟು ಸ್ಲೈಡುಗಳು, ಪ್ರತಿಯೊಂದರ ಮೇಲೂ ಗ್ಲಾಸ್ ಪೆನ್ಸಿಲಿನಲ್ಲಿ ನಾನು ಬರೆದ ಗುಂಪಿನ ಗುರುತು. ಚಿಕ್ಕಮ್ಮ ಅದನ್ನು ಪಟ್ಟಿಯಲ್ಲಿ ಬರೆದುಕೊಂಡು, ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಒಂದರಿಂದ ಹದಿನೆಂಟರವರೆಗಿನ ಚೀಟಿಗಳನ್ನು ಹಾಕಿಟ್ಟ ಸೇರಿನಿಂದ ಒಂದು ಚೀಟಿ ಎತ್ತಿ, ಅದರಲ್ಲಿದ್ದ ನಂಬರನ್ನು ಅಂಟಿಸಬೇಕು. ಪಟ್ಟಿ ಅವಳ ಬೀರುವಿನಲ್ಲೇ ಇರಬೇಕು. ನಾನು ಆ ಕೋಣೆಯಲ್ಲಿ ಇರಕೂಡದು. ಜಗಲಿಯ ಮೇಲೆ ಕೂತೆ. ಒಳಗೆ ಚಿಕ್ಕಪ್ಪನ ಗೊರಕೆ, ದೂರದಲ್ಲಿ ಕಾರ್ಖಾನೆಯ ಸೈರನ್, ಆಮೇಲೆ ಏನೂ ಇಲ್ಲ. ಸ್ಪಿರಿಟ್ಟಿನ ವಾಸನೆ ಬಾಗಿಲಿನಿಂದ ತೇಲಿ ಬರುತ್ತಿತ್ತು. ನನಗೆ ಜೊಂಪು ಹತ್ತಿತು. ಎದ್ದಾಗ ನೆರಳು ಉದ್ದವಾಗಿತ್ತು, ಪೆಟ್ಟಿಗೆ ನನ್ನ ಪಕ್ಕದಲ್ಲಿತ್ತು. "ಆಯ್ತು ನೋಡು," ಎಂದಳು ಚಿಕ್ಕಮ್ಮ. ಅವಳ ಬೆರಳ ತುದಿಗಳೆಲ್ಲ ಮೈದಾ ಅಂಟಿನಿಂದ ಬೆಳ್ಳಗಿದ್ದವು.

ಆಮೇಲೆ ಎಣಿಕೆ. ಎರಡು ವಾರವೋ ಮೂರು ವಾರವೋ, ದಿನವಿಡೀ ಒಂದು ಕಣ್ಣಿನಲ್ಲಿ ಬದುಕಿದೆ. ಅಷ್ಟು ಸುಖವಾಗಿ ನಾನು ಯಾವ ಕೆಲಸವನ್ನೂ ಮಾಡಿದ್ದಿಲ್ಲ. ಯಾವುದು ಯಾರದೆಂದು ಗೊತ್ತಿಲ್ಲದಿದ್ದಾಗ ನೋಟಕ್ಕೆ ಒಂದು ಬಿಡುಗಡೆ ಇರುತ್ತದೆ. ಇಡಿಯಾದ ಹಾಸು ಬಂದರೂ ಸರಿ, ಹರಿದ ಹಾಸು ಬಂದರೂ ಸರಿ, ಗೆರೆಯ ಮೇಲೆ ಗೆರೆ ದಾಟುತ್ತ ಹೋಗುವುದು. ಹನ್ನೊಂದನೆಯ ನಂಬರಿನ ಸ್ಲೈಡಿನಲ್ಲಿ ಮಾತ್ರ ನಿಂತೆ. ಅಂಚಿನಲ್ಲಿ ಉಗುರಿನಾಕಾರದ ಹರಕು. ಅದರಾಚೆಗೆ ಎಲ್ಲ ಕಡೆ ಕೋಶಗಳು ಎದ್ದುಹೋಗಿದ್ದವು, ಗೆರೆಗಳು ಚೂರುಚೂರು. ಇದು ಕಚ್ಚಿದ ಇಲಿ, ಹೊಗೆಸೊಪ್ಪಿನದು ಎಂದು ಮನಸ್ಸು ಹೇಳಿತು. ಗೊತ್ತಾಗಬಾರದ್ದು ಗೊತ್ತಾಯಿತು ಎಂದು ಬೇಸರಪಟ್ಟು, ಎಣಿಸಿ, ಮುಂದಕ್ಕೆ ಹೋದೆ.

ಪಟ್ಟಿ ಬಿಚ್ಚಿದ್ದು ಒಂದು ಭಾನುವಾರ, ತಿಂಡಿಯ ನಂತರ. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು, ಡ್ಯೂಟಿಗೆ ಹೊರಟವರಂತೆ. ನಾನು ನಂಬರು ಹೇಳುವುದು, ಚಿಕ್ಕಮ್ಮ ಪಟ್ಟಿ ನೋಡಿ ಗುಂಪು ಹೇಳುವುದು, ಚಿಕ್ಕಪ್ಪ ಬರೆಯುವುದು.

"ಒಂಬತ್ತು."

"ನೀರು."

"ಹತ್ತು."

"ಹೊಗೆಸೊಪ್ಪು."

"ಹನ್ನೊಂದು."

"ನಮ್ಮದು."

ನಾನು ತಲೆಯೆತ್ತಿದೆ. ಅವಳು ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಮುಂದಿನ ನಂಬರಿಗೆ ಕಾಯುತ್ತಿದ್ದಳು. "ಹನ್ನೆರಡು," ಎಂದೆ.

ಮುಗಿದಾಗ ನೀರಿನ ಆರೂ ಚೆನ್ನಾಗಿದ್ದವು. ಹೊಗೆಸೊಪ್ಪಿನ ಆರರಲ್ಲಿ ನಾಲ್ಕು ಹಾಳಾಗಿದ್ದವು, ಎರಡು ಇಡಿಯಾಗಿದ್ದವು. ಕಷಾಯದ ಆರರಲ್ಲಿ ನಾಲ್ಕು ಇಡಿಯಾಗಿದ್ದವು, ಎರಡು ಹಾಳಾಗಿದ್ದವು.

ಚಿಕ್ಕಪ್ಪ ಹಾಳೆಯನ್ನು ದೂರ ಹಿಡಿದು ನೋಡಿದರು. "ಹೊಗೆಸೊಪ್ಪಿನಲ್ಲೂ ಎರಡು ಪಾಸಾಗಿದೆಯಲ್ಲೇ?"

"ಇರ್ತಾವೆ," ಎಂದಳು ಚಿಕ್ಕಮ್ಮ. "ಬೀಡಿ ಸೇದಿ ಸೇದಿ ಕಲ್ಲಾಗಿರೋವು. ನಿಮ್ಮ ಫ್ರೆಂಡುಗಳ ಹಂಗೆ."

ಅವರು ನಗಲಿಲ್ಲ. ಪೆನ್ನಿನ ಕ್ಯಾಪು ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. "ಆರರಲ್ಲಿ ಎರಡು ಫೇಲು. ಆರರಲ್ಲಿ ಒಂದು ಹೋದ್ರೆ ಮತ್ತೊಂದು ಸಲ ಟೆಸ್ಟು. ಎರಡು ಹೋದ್ರೆ ಇಡೀ ಲಾಟ್ ರಿಜೆಕ್ಟು." ಕಾರ್ಖಾನೆಯ ಆ ಮಾತನ್ನು ಆ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಕೇಳಬಹುದಿತ್ತು. ಚಿಕ್ಕಮ್ಮ ಅದನ್ನು ಮದುವೆಯಾದಾಗಿನಿಂದ ಕೇಳಿದ್ದಳು. ಚಿಕ್ಕಪ್ಪ ಹಾಳೆ ಮಡಿಸಿ ಹೇಳಿದರು, "ತಗೊಂಡ್ ಬಾ."

"ಏನು?"

"ಮಾತ್ರೆ. ಮತ್ತಿನ್ನೇನು, ಹೋಳಿಗೆನಾ?"

ಅವಳು ಒಳಗೆ ಹೋದಳು. ನೀರು ತರಲು ಅಷ್ಟು ಹೊತ್ತು ಬೇಕಿರಲಿಲ್ಲ. ನಲ್ಲಿ ಹರಿಯುತ್ತಲೇ ಇತ್ತು.

ಹನ್ನೊಂದನೆಯ ನಂಬರಿನ ಬಗ್ಗೆ ನಾನು ಏನೂ ಹೇಳಲಿಲ್ಲ. ಹೇಳಲು ಏನಿತ್ತು? ಒಂದು ಹರಕಿನ ಆಕಾರ, ಒಂದು ಬ್ಯಾಂಡೇಜು, ಒಂದು ನೆನಪು. ಇದಕ್ಕೆ ವಿರುದ್ಧವಾಗಿ ಅಚ್ಚಿನಂಥ ಅಕ್ಷರದ ಪಟ್ಟಿ. ಗೈಡ್ ಮಾತ್ರ ಫಲಿತಾಂಶ ನೋಡಿ ಹುಬ್ಬೇರಿಸಿದರು. "ಈ ಎರಡೆರಡು ಯಾಕೆ ಹೀಗೆ? ನಂಬರು ಹಾಕಿದ್ದು ಯಾರು?" "ಹೊರಗಿನವರು ಸರ್," ಎಂದೆ. ಅದು ಸುಳ್ಳಲ್ಲ. ನಿಜವೂ ಅಲ್ಲ. ಸಮಯವಿದ್ದರೆ ಇನ್ನೊಮ್ಮೆ ಮಾಡು ಎಂದರು. ಸಮಯವಿರಲಿಲ್ಲ. ಪ್ರಬಂಧದಲ್ಲಿ ಕಷಾಯದ ಬಗ್ಗೆ ಒಂದೇ ವಾಕ್ಯ ಬರೆದೆ: ಅದು ನಿರಪಾಯ ಎಂದು ಈ ಅಳತೆಯಿಂದ ಹೇಳಲಾಗದು. ಹೇಗೆ ನೋಡಿದರೂ ತಪ್ಪಾಗದಂಥ ವಾಕ್ಯವನ್ನು ಹುಡುಕಿ ಹುಡುಕಿ ಬರೆದಿದ್ದೆ. ತಪ್ಪಾಗದ ವಾಕ್ಯಕ್ಕೆ ಯಾಕೆ ಅಷ್ಟು ಹುಡುಕಿದೆ ಎಂದು ಆಗ ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ. ಸ್ಲೈಡುಗಳನ್ನು ಮುಂದಿನ ಬ್ಯಾಚಿನವರು ತೊಳೆದು ಮತ್ತೆ ಬಳಸಿದರು.

ಚಿಕ್ಕಪ್ಪ ಮಾತು ಉಳಿಸಿಕೊಂಡರು. ಪೂಜೆ ಮುಗಿದ ಕೂಡಲೇ, ಹಣೆಯ ವಿಭೂತಿ ಆರುವ ಮೊದಲೇ, ಮಾತ್ರೆ. ಹತ್ತು ವರ್ಷ ಒಂದು ದಿನ ತಪ್ಪಲಿಲ್ಲ. ಎಡಗೈ ಮತ್ತೆ ವಾಲಲಿಲ್ಲ. ಕೊನೆಗೆ ಬೇರೆ ಕಾಯಿಲೆಯಿಂದ, ಹೆಚ್ಚು ನರಳದೆ ಹೋದರು.

ಅದಕ್ಕೆ ಒಂದೆರಡು ವರ್ಷ ಮೊದಲು, ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ, ಗುಂಪು ಮರೆಮಾಚಿ ಎಣಿಸುವುದು ಏಕೆ ಎಂದು ವಿವರಿಸಲು ನನ್ನ ಹಳೆಯ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದೆ. ಒಂದು ಕಡೆ ನಾಲ್ಕು ಹಾಳು, ಎರಡು ಇಡಿ. ಇನ್ನೊಂದು ಕಡೆ ನಾಲ್ಕು ಇಡಿ, ಎರಡು ಹಾಳು. ಚಾಕ್‌ಪೀಸ್ ಹಿಡಿದ ಕೈ ಅಲ್ಲೇ ನಿಂತಿತು. ಈ ಕಡೆಯ ಎರಡನ್ನು ಆ ಕಡೆ, ಆ ಕಡೆಯ ಎರಡನ್ನು ಈ ಕಡೆ ಇಟ್ಟರೆ ಎರಡೂ ಸಾಲು ಸ್ವಚ್ಛ. ಹೊಗೆಸೊಪ್ಪಿನ ಆರೂ ಹಾಳು, ಕಷಾಯದ ಆರೂ ಇಡಿ. ಮೈಕ್ರೋಸ್ಕೋಪು ನೋಡಬೇಕಿರಲಿಲ್ಲ, ಒಳಪದರ ಎಂದರೇನೆಂದು ತಿಳಿದಿರಬೇಕಿರಲಿಲ್ಲ. ಹೊಗೆಸೊಪ್ಪು ಕೆಟ್ಟದ್ದು ಎಂದು ಗೊತ್ತಿದ್ದರೆ ಸಾಕು. ಲಾಟ್ ರಿಜೆಕ್ಟ್ ಆಗಲು ಎಷ್ಟು ಬೇಕು ಎಂದು ಗೊತ್ತಿದ್ದರೆ ಸಾಕು. ಮಕ್ಕಳು ನನ್ನ ಬೆನ್ನು ನೋಡುತ್ತ ಕೂತಿದ್ದರು.

ಆದರೆ ಇಲಿಗಳು ಒಂದರಂತೆ ಒಂದು ಇರುವುದಿಲ್ಲ ಎಂಬುದೂ ನಿಜ. ಚಕ್ಕೆಯಲ್ಲಿ ಏನೋ ಇದ್ದಿರಬಹುದು. ಕಚ್ಚಿದ್ದು ಕಷಾಯದ ಇಲಿಯೇ ಇದ್ದಿರಬಹುದು. ಬಿಳಿ ಇಲಿಗಳನ್ನು ನೀಲಿ ಮಾಡುವ ನೆನಪಿಗೆ ಒಂದು ಹೆಬ್ಬೆರಳಿನ ಗಾಯವನ್ನು ಈ ಪಂಜರದಿಂದ ಆ ಪಂಜರಕ್ಕೆ ಸಾಗಿಸುವುದು ಎಷ್ಟರ ಕೆಲಸ?

ಚಿಕ್ಕಪ್ಪ ಇರುವ ತನಕ ಕೇಳುವ ಮನಸ್ಸಾಗಲಿಲ್ಲ. ಅವರು ಹೋದ ಮರುವರ್ಷ ಚಿಕ್ಕಮ್ಮ ಕೆಲವು ದಿನ ನನ್ನ ಜೊತೆ ಇರಲು ಬಂದಳು. ಹತ್ತಿರದಲ್ಲೇ ಇದ್ದೂ ಸಿಂಹಧಾಮ ನೋಡಿಲ್ಲ ಎಂದಳು. ತ್ಯಾವರೆಕೊಪ್ಪಕ್ಕೆ ಕರೆದುಕೊಂಡು ಹೋದೆ. ಸಫಾರಿ ಮುಗಿಸಿ, ವಾಪಸ್ ಬಸ್ಸಿಗೆ ಕಾಯುತ್ತ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಅವಳ ಮಡಿಲಲ್ಲಿ ಕಡಲೆಕಾಯಿ ಪೊಟ್ಟಣವಿತ್ತು. ಮಧ್ಯಾಹ್ನದ ಗಾಳಿ, ಎಲ್ಲೋ ಒಂದು ನವಿಲು.

"ಚಿಕ್ಕಮ್ಮ, ಆ ಎರಡೆರಡು ನಂಬರು ನೀನು ಬದಲಾಯಿಸಿದ್ಯಾ?"

ಯಾವ ನಂಬರು ಎಂದು ಅವಳು ಕೇಳಲಿಲ್ಲ. ಒಂದು ಕಾಯಿ ಒಡೆದು, ಬೀಜದಲ್ಲಿ ಅರ್ಧ ನನಗೆ ಕೊಟ್ಟಳು.

"ಹುಲಿ ನೋಡು, ಎಷ್ಟು ಸೊಕ್ಕು. ನಮ್ಮ ಕಡೆ ತಿರುಗಲೇ ಇಲ್ಲ."

"ಚಿಕ್ಕಮ್ಮ."

"ನೀನು ಅವತ್ತೇ ಯಾಕೆ ಕೇಳ್ಲಿಲ್ಲ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹನ್ನೊಂದು ಅಂದಾಗ ತಲೆ ಎತ್ತಿದ್ದೆ. ನಾನು ನೋಡ್ದೆ."

ನಾನು ತಲೆ ಎತ್ತಿದ್ದನ್ನು ಇಷ್ಟು ವರ್ಷ ನನ್ನೊಬ್ಬಳ ನೆನಪು ಎಂದುಕೊಂಡಿದ್ದೆ. ಅವತ್ತು ನನಗೆ ಗೊತ್ತಾಗಿತ್ತೇ? ಗೊತ್ತಾಗಿದ್ದೂ, ಚಿಕ್ಕಪ್ಪ ಮಾತ್ರೆ ನುಂಗಲಿ ಎಂದು ನಾನೂ ಬಯಸಿ ಸುಮ್ಮನಾದೆನೇ? ಹಾಗಿದ್ದರೆ ಆ ಪ್ರಬಂಧದಲ್ಲಿ ನಂಬರು ಹಾಕಿದವರು ಇಬ್ಬರು. ಅದನ್ನು ಹೇಳುವ ಬದಲು ಅವಳನ್ನು ಇನ್ನೊಂದು ಪ್ರಶ್ನೆ ಕೇಳಿದೆ. ಅವಳು ಸೀರೆಯ ಮೇಲಿನ ಸಿಪ್ಪೆ ಕೊಡವಿ, ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಕೂತಳು. ಆಮೇಲೆ ಎಷ್ಟೋ ಸಲ ಭೇಟಿಯಾಗಿದ್ದೇವೆ, ಗಂಟೆಗಟ್ಟಲೆ ಮಾತಾಡಿದ್ದೇವೆ. ಅದಕ್ಕೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ. ನಾನು ಕೇಳಿದ್ದು ಇಷ್ಟೇ:

"ಅವತ್ತು ಕೇಳಿದ್ರೆ, ನಿಜ ಹೇಳ್ತಿದ್ಯಾ ಚಿಕ್ಕಮ್ಮ?"